ಅಪ್ಪ ಶ್ರುತಿ ಕೂಡಿಸಿದ ಪಿಯಾನೋ

ನನಗೆ ಸಂಗೀತದ ಕಿವಿ ಇಲ್ಲ ಎಂಬುದನ್ನು ನಮ್ಮಪ್ಪ ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಲೇ ಒಪ್ಪಿಕೊಂಡಿದ್ದ. ಹಾರ್ಮೋನಿಯಂ ರಿಪೇರಿ ಮಾಡುವವನ ಮಗಳಿಗೆ ಸಾ ಯಾವುದು ಪಾ ಯಾವುದು ತಿಳಿಯದೆ ಹೋದರೆ ಊರವರು ಏನಂದಾರು ಎಂಬ ಚಿಂತೆ ಅವ್ವನಿಗಿತ್ತು, ಅಪ್ಪನಿಗಿರಲಿಲ್ಲ. "ಹೋಗ್ಲಿ ಬಿಡು, ಆಕಿಗೆ ಲೆಕ್ಕ ಚಲೋ ಬರ್ತಾವು" ಎಂದು ನನ್ನನ್ನು ಗಣಿತದ ಕಡೆಗೆ ದಾಟಿಸಿಬಿಟ್ಟ. ಹಾಗೆ ದಾಟಿದವಳು ಈಗ ಬಳ್ಳಾರಿಯ ಒಂದು ಹಳೆಯ ಮಿಷನ್ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆ ಸಿರುಗುಪ್ಪದಲ್ಲಿ, ಗಂಡ ಅಲ್ಲಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ದಿನಾ ಬಸ್ಸು ಹತ್ತಿ ಇಳಿದು ನನ್ನ ಬಾಯಿ ಜೋರಾಗಿದೆ ಎಂದು ಗಂಡ ಹೇಳುತ್ತಾನೆ. ಬಸ್ಸು ಹತ್ತುವ ಮೊದಲೂ ಅದು ಜೋರಾಗಿಯೇ ಇತ್ತು ಎಂದು ಅಪ್ಪ ಹೇಳುತ್ತಾನೆ.

ಅಪ್ಪನ ಅಂಗಡಿ ಕುರುಗೋಡಿನಲ್ಲಿ. ಬಜಾರಿನಿಂದ ಒಳಗೆ ತಿರುಗಿದರೆ ಸಿಗುವ ಒಂದೇ ಬಾಗಿಲಿನ ಕೋಣೆ. ಬಯಲಾಟದ ಮೇಳದವರು, ಭಜನಾ ಮಂಡಳಿಯವರು, ಮಠದವರು ತಮ್ಮ ಪೆಟ್ಟಿಗೆಗಳನ್ನು ತಂದು ಅಲ್ಲಿ ಇಳಿಸುತ್ತಾರೆ. ನಮ್ಮ ಕಡೆ ಹಾರ್ಮೋನಿಯಂಗೆ ಪೆಟ್ಟಿಗೆ ಎಂದೇ ಹೆಸರು. ಯಾರೇ ಬರಲಿ, ಅದಕ್ಕೆ ಏನಾಗಿದೆ ಎಂದು ಅಪ್ಪ ಮೊದಲು ಕೇಳುವುದಿಲ್ಲ. "ಯಾರು ಹಾಡ್ತಾರ? ಎಷ್ಟನೇ ಮನಿ ಹಿಡಿತಾರ?" ಎಂದು ಕೇಳುತ್ತಾನೆ. ಮನೆ ಎಂದರೆ ಬೆರಳಿಡುವ ಪಟ್ಟಿ, ಬಿಳಿ ಏಳು, ಕರಿ ಐದು. ಹಾಡುವವರು ಕರಿ ಎರಡು ಎಂದರೆ ಅಪ್ಪ ಆ ಎರಡನೆಯ ಕಪ್ಪು ಮನೆಯನ್ನು ಸಾ ಮಾಡಿಕೊಂಡು ಉಳಿದ ಹನ್ನೊಂದನ್ನೂ ಅದಕ್ಕೆ ಒಪ್ಪುವ ಹಾಗೆ ಕೂಡಿಸಿ ಕೊಡುತ್ತಾನೆ. ಅಳತೆ ತೆಗೆದುಕೊಂಡು ಅಂಗಿ ಹೊಲಿದ ಹಾಗೆ. ಆ ಅಂಗಿ ಇನ್ನೊಬ್ಬರ ಮೈಗೆ ಕೂಡುವುದಿಲ್ಲ, ಕೂಡಬೇಕಾಗಿಯೂ ಇಲ್ಲ.

ಅವನು ಕೆಲಸ ಮಾಡುವುದನ್ನು ಚಿಕ್ಕವಳಿದ್ದಾಗ ಗಂಟೆಗಟ್ಟಲೆ ನೋಡಿದ್ದೇನೆ. ಸ್ವರ ಹೊರಡಿಸುವ ಹಿತ್ತಾಳೆಯ ಪುಟ್ಟ ರೀಡನ್ನು ಬ್ಲೇಡಿನಿಂದ ಒಂಚೂರು ಕೆರೆಯುವುದು, ಊದಿ ಕೇಳುವುದು, ಮತ್ತೆ ಒಂಚೂರು. ಎರಡು ಸ್ವರ ಇನ್ನೂ ಕೂಡಿಲ್ಲದಿದ್ದರೆ ಅವುಗಳ ನಡುವೆ ಅಲೆ ಏಳುತ್ತದಂತೆ. ಅಲೆ ನಿಧಾನವಾಗುತ್ತಾ ಆಗುತ್ತಾ ಕಡೆಗೆ ನಿಂತುಹೋದರೆ ಕೂಡಿತು ಅಂತ ಲೆಕ್ಕ. ಆಗ ಅಪ್ಪ ಕಣ್ಣು ತೆರೆಯುತ್ತಾನೆ. ನನಗೆ ಅಲೆಯೂ ಗೊತ್ತಾಗುತ್ತಿರಲಿಲ್ಲ, ನಿಂತದ್ದೂ ಗೊತ್ತಾಗುತ್ತಿರಲಿಲ್ಲ. ಅವನು ಕಣ್ಣು ತೆರೆಯುವುದನ್ನು ನೋಡಿಯೇ ನಾನು ಸಂತೋಷಪಡುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ಪೆಟ್ಟಿಗೆ ವಾಪಸ್ಸು ಬಂತು. ಸಿರುಗುಪ್ಪದ ಕಡೆಯ ಒಂದು ಹಳ್ಳಿಯ ಭಜನಾ ಮಂಡಳಿಯದು. ಅವರು ಹೊಸದಾಗಿ ಕರೆಂಟಿನ ಕೀಬೋರ್ಡ್ ತಂದಿದ್ದರು. ಎರಡನ್ನೂ ಜೊತೆಗೆ ಬಾರಿಸಿದರೆ ಕೂಡುವುದಿಲ್ಲ, ಎಲ್ಲೋ ಸೀಳಿದ ಹಾಗೆ ಕೇಳುತ್ತದೆ ಎಂದು ದೂರು. ತಂದವರು ಮರ್ಯಾದಸ್ಥರು, ಬಾಯಿ ಬಿಟ್ಟು ಏನೂ ಅನ್ನಲಿಲ್ಲ. "ವಯಸ್ಸಾತಲ್ರಿ ಅಜ್ಜಾರ, ಇನ್ನೊಮ್ಮೆ ನೋಡ್ರಿ" ಎಂದಷ್ಟೇ ಅಂದರು. ಅಪ್ಪ ಇನ್ನೊಮ್ಮೆ ನೋಡಿದ, ಅವನ ಕಿವಿಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಇನ್ನೊಂದು ಪೆಟ್ಟಿಗೆ ಹಾಗೇ ಬಂತು. ನಾನು ಸುಮ್ಮನಿರದೆ ಬಳ್ಳಾರಿಗೆ ಕರೆದುಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ತಲೆಗೆ ಏನೋ ಹಾಕಿ ಕುಂಯ್ ಕುಂಯ್ ಎಂದು ಕೇಳಿಸಿ, ಗೆರೆ ಎಳೆದ ಕಾಗದ ಕೊಟ್ಟು, ವಯಸ್ಸಿಗೆ ತಕ್ಕಷ್ಟು ಕಡಿಮೆಯಾಗಿದೆ, ಗಾಬರಿಯಾಗಬೇಡಿ ಎಂದರು. ಗಾಬರಿಯಾದದ್ದು ನನಗೆ. ಆ ಕಾಗದ ನೋಡಿದ ಮೇಲೆ ಅಪ್ಪನಿಗೆ ಗೊತ್ತಾಗದ ಹಾಗೆ ಅವನ ಜೀವನವನ್ನು ನಡೆಸುವ ಯಜಮಾನಿಕೆ ನನ್ನದೇ ಎಂದು ತೀರ್ಮಾನಿಸಿಬಿಟ್ಟೆ. ಯಾವ ಮಾತು ಅವನ ಮುಂದೆ ಆಡಬೇಕು, ಯಾವುದು ಬೇಡ, ಎಲ್ಲ ನಾನೇ ತೂಗತೊಡಗಿದೆ. ಅಪ್ಪ ಅಂಗಡಿ ತೆಗೆಯುವುದು ಬಿಡಲಿಲ್ಲ. ಆದರೆ ಕೆರೆದು ಮುಗಿಸಿದ ಪೆಟ್ಟಿಗೆಯನ್ನು ಕೊಡದೆ ಎರಡೆರಡು ದಿನ ಇಟ್ಟುಕೊಳ್ಳುತ್ತಾನೆ ಎಂದು ಕುರುಗೋಡಿನಲ್ಲೇ ಇರುವ ನನ್ನ ತಮ್ಮ ಫೋನಿನಲ್ಲಿ ಹೇಳುತ್ತಿದ್ದ.

ಇಂಥ ಹೊತ್ತಿನಲ್ಲಿ ನಮ್ಮ ಶಾಲೆಯ ಪಿಯಾನೋ ವಿಷಯ ಬಂತು.

ನಮ್ಮ ಶಾಲೆಯ ಪ್ರಾರ್ಥನೆಯ ಹಾಲಿನಲ್ಲಿ ಗೋಡೆಗೆ ಒರಗಿ ನಿಂತ ಒಂದು ಪಿಯಾನೋ ಇದೆ. ಯಾವ ಕಾಲದ್ದೋ ಗೊತ್ತಿಲ್ಲ. ಅದರ ಮೇಲೆ ಮಕ್ಕಳ ಊಟದ ಡಬ್ಬಿ ಇಡಬಾರದು ಎಂಬುದೊಂದೇ ಅದರ ಬಗ್ಗೆ ಶಾಲೆಯಲ್ಲಿ ಇದ್ದ ನಿಯಮ. ಜನವರಿಯಲ್ಲಿ ಶಾಲೆಯ ವಾರ್ಷಿಕೋತ್ಸವ. ನನ್ನ ಕೈಯಲ್ಲಿ ಗಣಿತ ಕಲಿತ ಒಬ್ಬ ಹುಡುಗಿ, ರೈಲ್ವೆಯವರ ಮಗಳು, ಶಾಲೆ ಬಿಟ್ಟ ಮೇಲೆ ಎಲ್ಲೆಲ್ಲೋ ಹೋಗಿ ಪಿಯಾನೋ ಕಲಿತು ಈಗ ದೊಡ್ಡ ದೊಡ್ಡ ಊರುಗಳಲ್ಲಿ ಕಛೇರಿ ಕೊಡುತ್ತಾಳೆ. ಅವಳು ತಾನು ಮೊದಮೊದಲು ಬೆರಳಿಟ್ಟು ಕಲಿತ ಆ ಹಳೆಯ ಪಿಯಾನೋದಲ್ಲೇ ಬಾರಿಸುತ್ತೇನೆ ಎಂದಳಂತೆ. ರೇಡಿಯೋದವರು ಅದನ್ನು ನೇರ ಪ್ರಸಾರ ಮಾಡುವುದಾಗಿ ಒಪ್ಪಿದರು. ಎಲ್ಲ ಒಪ್ಪಿದ ಮೇಲೆ ನೋಡಿದರೆ ಪಿಯಾನೋದ ಶ್ರುತಿ ಪೂರ್ತಿ ಹಾಳು. ಬೆಂಗಳೂರಿನಿಂದ ಬರಬೇಕಾದವರು ಆ ತಿಂಗಳು ಬರಲಾರೆವು ಎಂದರು. ಹೆಡ್ ಮೇಡಂ ಸ್ಟಾಫ್ ರೂಮಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ನಮ್ಮಪ್ಪ ಅದಾನ್ರಿ" ಅಂದೆ.

ನಿಜ ಹೇಳಬೇಕೆಂದರೆ ಶಾಲೆಯ ಮೇಲಿನ ಪ್ರೀತಿಯಿಂದ ಅಂದದ್ದಲ್ಲ. ಒಂದು ದೊಡ್ಡ ಕೆಲಸ ಸಿಕ್ಕರೆ ಅಪ್ಪನ ಮುಖ ಬೆಳಗೀತು ಅನ್ನಿಸಿತು. ಅವನಿಗೆ ಕೇಳಿಸುತ್ತದೆಯೋ ಇಲ್ಲವೋ ಎಂಬ ಅಳುಕು ಮರುಗಳಿಗೆಯೇ ಬಂತು, ಅಷ್ಟರಲ್ಲಿ ಮೇಡಂ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಆಗಿತ್ತು.

ಕ್ರಿಸ್ಮಸ್ ರಜೆಯಲ್ಲಿ ಅಪ್ಪ ಬಂದ. ಹಾಲಿನಲ್ಲಿ ಪಿಯಾನೋದ ಮುಂದೆ ನಿಂತು ಅದರ ಸುತ್ತ ಒಂದು ಸಲ ತಿರುಗಿ, ಎಂದಿನ ಪ್ರಶ್ನೆ ಕೇಳಿದ. "ಯಾರು ಹಾಡ್ತಾರ್ರಿ ಇದರಾಗ?" ಮೇಡಂ ನನ್ನ ಮುಖ ನೋಡಿದರು. ಮಕ್ಕಳು ಪ್ರಾರ್ಥನೆ ಹಾಡುತ್ತಾರೆ ಎಂದೆ. "ಎಷ್ಟನೇ ಮನಿ?" ಹಾಡು ಕಲಿಸುವ ಟೀಚರು ಬಂದು ನಡುವಿನ ಒಂದು ಬಿಳಿ ಪಟ್ಟಿಯನ್ನು ತೋರಿಸಿದರು. "ಬಿಳಿ ಒಂದು" ಎಂದು ಅಪ್ಪ ತಲೆಯಾಡಿಸಿ ತನ್ನ ಚೀಲ ಬಿಚ್ಚಿದ. ಅಲ್ಲಿಗೆ ಅಳತೆ ತೆಗೆದುಕೊಂಡಾಯಿತು. ಆಗ ಅಲ್ಲಿದ್ದ ನಾವು ಯಾರೂ ಇನ್ನೊಂದು ಮಾತು ಹೇಳಲಿಲ್ಲ, ಹೇಳಬೇಕಾಗಿದೆ ಎಂಬುದೂ ನಮಗೆ ಗೊತ್ತಿರಲಿಲ್ಲ.

ಒಂಬತ್ತು ದಿನ ಕೆಲಸ ನಡೆಯಿತು. ತಂತಿ ಸುತ್ತಿದ ಮೊಳೆಗಳನ್ನು ತಿರುಗಿಸುವ ಕೀಲಿಯನ್ನು ಅಳತೆ ಕೊಟ್ಟು ಬಳ್ಳಾರಿಯ ಲೇತ್ ಅಂಗಡಿಯಲ್ಲಿ ಮಾಡಿಸಿದ. ಒಂದೊಂದು ಮನೆಗೆ ಮೂರು ಮೂರು ತಂತಿ, ಎರಡನ್ನು ಸುಮ್ಮನಾಗಿಸಿ ಒಂದನ್ನು ಕೂಡಿಸಬೇಕು. ಅದಕ್ಕೆ ಅವನು ಹಳೆಯ ಕಂಬಳಿಯನ್ನು ಬೆರಳಗಲ ಕತ್ತರಿಸಿ ತಂತಿಗಳ ನಡುವೆ ತುರುಕಿದ. ಸಡಿಲವಾದ ಮೊಳೆಗಳಿಗೆ ಉಪ್ಪುಕಾಗದ ಸುತ್ತಿ ಬಿಗಿಮಾಡಿದ. ಎಪ್ಪತ್ತೆರಡು ವರ್ಷದ ಮನುಷ್ಯ, ಮಧ್ಯಾಹ್ನದ ರೊಟ್ಟಿ ಬಿಚ್ಚಲೂ ಮರೆಯುತ್ತಿದ್ದ. ಹಾಲಿಗೆ ಯಾರನ್ನೂ ಬಿಡುತ್ತಿರಲಿಲ್ಲ, ಫ್ಯಾನ್ ಹಾಕಗೊಡುತ್ತಿರಲಿಲ್ಲ. ಒಂಬತ್ತನೆಯ ದಿನ ಸಂಜೆ ನನ್ನನ್ನು ಕರೆದು ಬಿಳಿ ಒಂದು, ಬಿಳಿ ಮೂರು, ಬಿಳಿ ಐದು ಮೂರನ್ನೂ ಕೂಡಿ ಒತ್ತಿದ. ಆ ನಾದ ತುಂಬ ಹೊತ್ತು ಹಾಲಿನಲ್ಲಿ ನಿಂತಿತ್ತು. ನನ್ನಂಥವಳಿಗೂ ಹಿತವೆನಿಸಿತು.

"ಅಲಿ ಏಳ್ತೈತೇನು?" ಅಂತ ಕೇಳಿದ.

"ನನಗೇನ ಗೊತ್ತಾಕ್ಕೈತಿ ಯಪ್ಪಾ" ಅಂದೆ.

ಅವನು ಇನ್ನೊಂದು ಸಲ ಒತ್ತಿ ಕಿವಿಯನ್ನು ಮರಕ್ಕೆ ಹಚ್ಚಿ ನಿಂತ. ಹೊರಡುವಾಗ ಮುಖದಲ್ಲಿ ನಾನು ನಿರೀಕ್ಷಿಸಿದ ಬೆಳಕು ಕಾಣಲಿಲ್ಲ. ದಣಿವು ಎಂದುಕೊಂಡೆ.

ಕಛೇರಿಯ ದಿನ ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು ಎಂದು ಮೇಡಂ ಅಂದಿದ್ದರು. ಅಪ್ಪ ಬರಲಾರೆ ಎಂದುಬಿಟ್ಟ. ಅದೊಂದು ಅವನ ಕಟ್ಟಳೆ. ತಾನು ಶ್ರುತಿ ಕೂಡಿಸಿದ ಪೆಟ್ಟಿಗೆಯ ಮೊದಲ ಆಟಕ್ಕೆ ಅವನು ಎದುರು ಕೂರುವುದಿಲ್ಲ. ಬಾರಿಸುವವರಿಗೆ ಕೂಡಿಸಿದವನ ಮುಖ ಕಂಡರೆ ಬೆರಳು ಅಳುಕುತ್ತವೆ ಎಂಬುದು ಅವನ ನಂಬಿಕೆ. ಬಯಲಾಟಕ್ಕಾದರೆ ರಂಗದ ಹಿಂದೆ ಎಲ್ಲೋ ಕತ್ತಲಲ್ಲಿ ನಿಂತು ಕೇಳಿ ಬರುತ್ತಿದ್ದ. "ರೇಡಿಯೋದಾಗ ಬರ್ತೈತಲ್ಲ, ಅದ ಚಲೋ ಆತು. ನಿಮ್ಮನಿಗೇ ಬರ್ತೀನಿ" ಎಂದ. ಕುರುಗೋಡಿನಲ್ಲಿಯೇ ಕೇಳಬಹುದಲ್ಲ ಎಂದರೆ, "ಅಲ್ಲಿ ಮಂದಿ ಕೂಡ್ತಾರ" ಎಂದು ಮಾತು ಮುಗಿಸಿದ. ನಾನು ಹಾಲಿನಲ್ಲಿ ಹೊಸ ಸೀರೆ ಉಟ್ಟು ಕೂರುವ ಆಸೆ ಬಿಟ್ಟು ಅವನ ಜೊತೆ ಮನೆಯಲ್ಲೇ ಉಳಿದೆ. ಬಿಟ್ಟದ್ದನ್ನು ಎರಡು ಮೂರು ಸಲ ಅವನಿಗೆ ನೆನಪೂ ಮಾಡಿಕೊಟ್ಟೆ.

ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಆ ಹುಡುಗಿಯ ಫೋನ್ ಬಂತು. ಅಪ್ಪ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ. ನಾನು ಹಿತ್ತಲಿಗೆ ಹೋಗಿ ಮಾತಾಡಿದೆ.

"ಮಿಸ್, ಈಗ ಬಾರಿಸಿ ನೋಡಿದೆ. ಇದನ್ನ ಯಾರು ಟ್ಯೂನ್ ಮಾಡಿದ್ದು?"

ನಾನು ಗಂಟಲು ಸರಿಮಾಡಿಕೊಂಡು, ನಮ್ಮಪ್ಪ ಎಂದೆ.

ಅವಳು ತುಂಬ ಮೆದುವಾಗಿ, "ತಪ್ಪು ಅಂತ ಅಲ್ಲ ಮಿಸ್. ನಿಮ್ಮ ಪೆಟ್ಟಿಗೆ ಲೆಕ್ಕದಲ್ಲಿ ಹೇಳೋದಾದ್ರೆ, ಬಿಳಿ ಒಂದರಿಂದ ಬಾರಿಸಿದ್ರೆ ಇಷ್ಟು ಸಿಹಿಯಾದ ಪಿಯಾನೋ ನಾನು ಎಲ್ಲೂ ಕೇಳಿಲ್ಲ. ಆದ್ರೆ ಅವರು ಅದೊಂದೇ ಮನೆಗೆ ಕೂಡಿಸಿದ್ದಾರೆ. ನಾವು ಹನ್ನೆರಡು ಮನೆಯಲ್ಲೂ ತಿರುಗಾಡ್ತೀವಿ. ಬಿಳಿ ಮೂರಕ್ಕೆ ಹೋದ್ರೆ ಕರಿ ನಾಲ್ಕು ಕಿರುಚುತ್ತೆ. ನನ್ನ ಎರಡನೇ ಹಾಡು ಪೂರ್ತಿ ಅಲ್ಲೇ ಇದೆ" ಎಂದಳು.

ಈಗ ಸರಿಮಾಡಲು ಆಗುತ್ತದೆಯೇ ಎಂದು ಕೇಳಿದೆ. ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ಗಂಟೆಗೆ ಪ್ರಸಾರ.

"ನೀವು ಅವರಿಗೇನೂ ಹೇಳಬೇಡಿ ಮಿಸ್. ನಾನು ಹಾಡುಗಳನ್ನ ಬದಲಾಯಿಸ್ಕೋತೀನಿ. ಬಿಳಿ ಒಂದರ ಹತ್ತಿರಾನೇ ಇರ್ತೀನಿ. ಕಡೇದೊಂದು ಮಾತ್ರ ಬಿಡೋಕಾಗಲ್ಲ, ನೋಟಿಸಿನಲ್ಲಿ ಅದೇ ಹಾಕಿದ್ದಾರೆ. ಅದು ಬಿಳಿ ಒಂದರಲ್ಲೇ ಶುರು, ನಡುವೆ ಸ್ವಲ್ಪ ಆಚೆ ಹೋಗುತ್ತೆ. ಅಲ್ಲಿ ಮೆಲ್ಲಗೆ ಬಾರಿಸಿ ದಾಟಿಬಿಡ್ತೀನಿ."

ಫೋನ್ ಇಟ್ಟು ತುಳಸಿಕಟ್ಟೆಯ ಪಕ್ಕ ನಿಂತೆ. ತಪ್ಪಲ್ಲ ಎಂದು ಅವಳು ಹೇಳಿದ್ದನ್ನು ನಾನು ಒಂದಿಷ್ಟೂ ನಂಬಲಿಲ್ಲ. ಟೀಚರ ತಂದೆಗೆ ನೋವಾಗಬಾರದೆಂದು ಒಳ್ಳೆಯ ಹುಡುಗಿ ಆಡಿದ ಮಾತು ಎಂದುಕೊಂಡೆ. ಡಾಕ್ಟರ ಗೆರೆ ಎಳೆದ ಕಾಗದ ಕಣ್ಣ ಮುಂದೆ ಬಂತು. ಮುಗಿಯಿತು, ಅಪ್ಪನ ಕಿವಿ ಹೋಯಿತು, ಇದು ಅವನಿಗೆ ತಿಳಿದರೆ ಅವನು ಉಳಿಯುವುದಿಲ್ಲ, ಇವತ್ತೊಂದು ದಿನ ದಾಟಿಸಿಬಿಟ್ಟರೆ ಸಾಕು ಎಂದು ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಒಳಗೆ ಬಂದಾಗ ಅಪ್ಪ ಪೇಪರಿನಿಂದ ತಲೆಯೆತ್ತಿ, "ಯಾರವ್ವಾ ಫೋನು?" ಎಂದ.

"ಸಾಲಿದು. ನೀ ಬರಲ್ಲ ಅಂತ ಮೇಡಂಗೆ ಬ್ಯಾಸರ ಆಗೈತಂತ."

ಇಷ್ಟು ಸಲೀಸಾಗಿ ಸುಳ್ಳು ಬಂದದ್ದು ನನಗೇ ಸೋಜಿಗವಾಯಿತು.

ನಮ್ಮ ಮನೆಯಲ್ಲಿ ರೇಡಿಯೋ ಕೆಳಗೆ ಸರಿಯಾಗಿ ಹಿಡಿಯುವುದಿಲ್ಲ, ಮಾಳಿಗೆ ಹತ್ತಬೇಕು. ಮಾಳಿಗೆಯ ತುಂಬ ಮೆಣಸಿನಕಾಯಿ ಒಣಹಾಕಿದ್ದೆ. ಒಂದು ಮೂಲೆಗೆ ಅವನ್ನು ಸರಿಸಿ ಚಾಪೆ ಹಾಸಿ, ಅಪ್ಪ ತಂದಿದ್ದ ಪುಟ್ಟ ಟ್ರಾನ್ಸಿಸ್ಟರನ್ನು ಮೋಟುಗೋಡೆಯ ಮೇಲಿಟ್ಟು, ಅದರ ಏರಿಯಲ್ ಕಡ್ಡಿಗೆ ಒಂದು ತಂತಿ ಕಟ್ಟಿ ಕಬ್ಬಿಣದ ಸರಳಿಗೆ ಸುತ್ತಿದೆವು. ಭಾನುವಾರವಾದ್ದರಿಂದ ಗಿರಣಿ ನಿಂತಿತ್ತು. ಕುದಿಸಿದ ಭತ್ತದ ವಾಸನೆ ಮಾತ್ರ ಇತ್ತು. ಗಂಡ ಚಹಾ ತಂದಿಟ್ಟು, "ಮಾವಾರ, ನಿಮ್ಮ ಮಗಳು ಸೀನ್ತಿರ್ತಾಳ, ದೂರ ಕುಂದ್ರಿಸ್ರಿ" ಎಂದು ಮೆಣಸಿನಕಾಯಿಯ ಕಡೆ ತೋರಿಸಿದ. ಅಪ್ಪ ನಗಲಿಲ್ಲ.

ನಾಲ್ಕಕ್ಕೆ ರೇಡಿಯೋದಲ್ಲಿ ಹೆಂಗಸೊಬ್ಬರು ನೇರ ಪ್ರಸಾರ ಎಂದು ಹೇಳಿದರು. ಆಮೇಲೆ ನಮ್ಮ ಹಾಲಿನ ಸದ್ದು ಬಂತು. ಕುರ್ಚಿ ಎಳೆದದ್ದು, ಯಾರೋ ಕೆಮ್ಮಿದ್ದು, ಒಂದು ಮಗು ನೀರು ಕೇಳಿದ್ದು. ದಿನಾ ನಾನು ನಿಲ್ಲುವ ಜಾಗ ಐವತ್ತು ಕಿಲೋಮೀಟರ್ ದೂರದಿಂದ ಹೀಗೆ ಅಂಗೈಯಗಲದ ಪೆಟ್ಟಿಗೆಯಲ್ಲಿ ಬಂದದ್ದು ಕೇಳಿ ನನಗೆ ಒಂದು ಥರ ಅಕ್ಕರೆ ಬಂತು. ಚಪ್ಪಾಳೆ ನಿಂತಿತು. ಅವಳು ಶುರುಮಾಡಿದಳು.

ಆ ಸಂಗೀತವನ್ನು ವರ್ಣಿಸುವ ಯೋಗ್ಯತೆ ನನಗಿಲ್ಲ. ಮೊದಲನೆಯದು ಸಣ್ಣದು, ತಿಳಿಯಾಗಿತ್ತು. ಬಲಗೈ ಏನೋ ಕೇಳುತ್ತದೆ, ಎಡಗೈ ಅವಸರವಿಲ್ಲದೆ ಉತ್ತರ ಹೇಳುತ್ತದೆ, ಅಷ್ಟು ನನಗೆ ತಿಳಿಯಿತು. ನಾನು ಕೇಳುತ್ತಿದ್ದುದು ಸಂಗೀತವನ್ನಲ್ಲ, ನೋಡುತ್ತಿದ್ದುದು ಅಪ್ಪನ ಮುಖವನ್ನು. ಅವನು ಕಾಲು ಮಡಚಿ, ಕಣ್ಣು ಮುಚ್ಚಿ, ಬಲಗಿವಿಯನ್ನು ರೇಡಿಯೋದ ಕಡೆ ಇಟ್ಟು ಕೂತಿದ್ದ. ಹಾಡಿನ ನಡುವೆ ಒಂದು ಸಲ ಅವನ ಹುಬ್ಬು ಕೂಡಿತು. ಮತ್ತೆ ಹುಬ್ಬು ಸಡಿಲವಾಯಿತು.

ಎರಡನೆಯದು ಬಂತು. ನೋಟಿಸಿನಲ್ಲಿ ಹಾಕಿದ್ದು ಅದಲ್ಲ ಎಂದು ರೇಡಿಯೋದ ಹೆಂಗಸು ಸ್ವಲ್ಪ ತಡವರಿಸಿ, ಕಾರ್ಯಕ್ರಮದಲ್ಲಿ ಚಿಕ್ಕ ಬದಲಾವಣೆ ಎಂದರು. ನಾನು ಮನಸ್ಸಿನಲ್ಲೇ ಆ ಹುಡುಗಿಗೆ ಕೈಮುಗಿದೆ. ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೆ ಒಂದು ಸಲ ಸೊನ್ನೆ ಹಾಕಿ ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅದನ್ನೂ ವಾಪಸ್ಸು ತೆಗೆದುಕೊಂಡೆ. ಎರಡನೆಯದೂ ಸಿಹಿಯಾಗಿ ಹರಿಯಿತು. ಮೂರನೆಯದು ಮಕ್ಕಳನ್ನು ಮಲಗಿಸುವ ಹಾಡಿನ ಹಾಗಿತ್ತು, ಗಂಡ ಅರ್ಧದಲ್ಲೇ ಚಾಪೆಯ ಮೇಲೆ ಒರಗಿಬಿಟ್ಟ.

ಆಗಲೇ ನಾನು ಗಮನಿಸಿದ್ದು. ಅಪ್ಪನ ಮುಖ ಇಳಿದುಹೋಗಿತ್ತು. ಒಂದೊಂದು ಹಾಡು ಮುಗಿದಾಗಲೂ ಇನ್ನಷ್ಟು ಇಳಿಯುತ್ತಿತ್ತು. ತುಟಿ ಒಣಗಿತ್ತು. ಕೈಯ ಚಹಾ ಹಾಗೇ ಆರಿತ್ತು.

"ಯಾಕ ಯಪ್ಪಾ, ಚಲೋ ಇಲ್ಲೇನು?"

"ಚಲೋ ಐತಿ."

"ತ್ರಾಸ ಆಗಾಕತ್ತೈತೇನು? ಕೆಳಗ ಹೋಗೂಣೇನು?"

"ಸುಮ್ಕ ಕುಂದ್ರವ್ವಾ. ಎಲ್ಲಾ ಚಲೋ ಐತಿ. ಎಲ್ಲಾ ಚಲೋನ ಕೇಳ್ತೈತಿ."

ಅವನು ಅದನ್ನು ಅಂದ ರೀತಿ ನನಗೆ ಹಿಡಿಸಲಿಲ್ಲ. ಆಸ್ಪತ್ರೆಯಲ್ಲಿ ಯಾರಾದರೂ ನೋಡಲು ಬಂದಾಗ ಚೆನ್ನಾಗಿದ್ದೇನೆ ಎನ್ನುವವರ ಧ್ವನಿ ಅದು. ಮೈಯಲ್ಲಿ ಸಕ್ಕರೆ ಕಡಿಮೆಯಾಗಿರಬೇಕು ಎಂದು ಸಂಕ್ರಾಂತಿಗೆ ಮಾಡಿ ಉಳಿದಿದ್ದ ಶೇಂಗಾ ಹೋಳಿಗೆ ತಂದು ಕೈಗೆ ಕೊಟ್ಟೆ. ಅದನ್ನೂ ಪಕ್ಕಕ್ಕಿಟ್ಟ. ನನಗೆ ಸಿಟ್ಟು ಬಂತು. ಅಷ್ಟು ದೂರದಲ್ಲಿ ಒಬ್ಬಳು ಹುಡುಗಿ ಇವನಿಗೋಸ್ಕರ ತನ್ನ ಕಛೇರಿಯನ್ನೇ ಬದಲಾಯಿಸಿಕೊಂಡಿದ್ದಾಳೆ, ನಾನು ಬೆಳಗಿನಿಂದ ಸುಳ್ಳು ಹೇಳಿಕೊಂಡು ಕೂತಿದ್ದೇನೆ, ಇವನು ಮುಖ ಗಂಟುಹಾಕಿಕೊಂಡಿದ್ದಾನಲ್ಲ ಅನ್ನಿಸಿತು.

ಕಡೆಯದು ಶುರುವಾಯಿತು. ಇದು ಮೊದಲಿನವುಗಳ ಹಾಗಲ್ಲ. ಕೆಳಗಿನ ಮನೆಗಳಲ್ಲಿ ಒಂದೇ ಸಮನೆ ಬಡಿತ, ಮಳೆ ಬರುವ ಮೊದಲು ತಗಡಿನ ಮೇಲೆ ಹನಿ ಬಿದ್ದ ಹಾಗೆ. ಗಂಡ ಎದ್ದು ಕೂತ. ನನಗೆ ಗೊತ್ತಿತ್ತು, ಇದರ ನಡುವೆ ಅವಳು ಆಚೆ ಹೋಗಬೇಕಾದ ಜಾಗ ಇದೆ. ಎಲ್ಲಿ ಅಂತ ಗೊತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ಇದೇ ಇರಬೇಕು ಎಂದು ಸೆರಗು ಹಿಡಿದುಕೊಂಡೆ. ರೇಡಿಯೋದ ಧ್ವನಿ ಸ್ವಲ್ಪ ಕಡಿಮೆ ಮಾಡಲೇ ಎಂದು ಕೈಯನ್ನೂ ಚಾಚಿದೆ. ಅಷ್ಟರಲ್ಲಿ ಬಡಿತ ನಿಂತು ಏನೋ ಮೆಲ್ಲಗೆ, ದೇವರ ಮುಂದೆ ಹಾಡಿದ ಹಾಗೆ, ಅಗಲವಾಗಿ ಬಂತು. ನನಗೆ ಬಹಳ ಇಷ್ಟವಾಯಿತು. ಗಂಡನೂ "ವಾಹ್" ಎಂದ.

ಅಪ್ಪ ಫಕ್ಕನೆ ಕಣ್ಣು ತೆರೆದ.

"ಕೇಳಿದಿ ಏನು?"

"ಏನು? ಚಲೋ ಬಂತಲ್ಲ" ಎಂದೆ, ಆದಷ್ಟು ಸಹಜವಾಗಿ.

"ಕರಿ ನಾಲ್ಕು ಏರೈತಿ."

ಅಪ್ಪ ಮುಂದಕ್ಕೆ ಬಗ್ಗಿ ರೇಡಿಯೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಬಿಳಿ ಮೂರನ್ನ ಸಾ ಮಾಡ್ಕೊಂಡಾಳ ಈಕಿ. ನೋಡು, ನೋಡು, ಮತ್ತ ಬಂತು. ಬಿಳಿ ಮೂರಕ್ಕ ಕರಿ ನಾಲ್ಕು ಗಾಂಧಾರ ಆಗಬೇಕು, ಎಷ್ಟು ಏರೈತಿ ಅದು, ಎಂಥಾ ಅಲಿ ಹೊಡಿಯಾಕತ್ತೈತಿ."

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಬೆಳಿಗ್ಗೆಯ ಫೋನಿನ ವಿಷಯ ಎಲ್ಲ ಹೇಳಿಬಿಟ್ಟೆ. ಆ ಹುಡುಗಿ ಇದೇ ಮಾತನ್ನು ಹೇಳಿದ್ದು, ತಾವು ಹನ್ನೆರಡು ಮನೆಯಲ್ಲೂ ತಿರುಗಾಡುತ್ತೇವೆ ಎಂದದ್ದು, ಹಾಡು ಬದಲಾಯಿಸಿದ್ದು, ಬಿಳಿ ಒಂದನ್ನು ಬಿಟ್ಟು ಹೋಗದೆ ಇದ್ದದ್ದು, ನಿನಗೆ ಹೇಳಬಾರದೆಂದು ಇಬ್ಬರೂ ಮಾತಾಡಿಕೊಂಡದ್ದು. "ನಿನಗ ಬ್ಯಾಸರ ಆಗಬಾರದಂತ ಮಾಡಿದ್ವಿ ಯಪ್ಪಾ" ಎಂದೆ.

ಅಪ್ಪ ನನ್ನ ಮುಖವನ್ನು ನೋಡುತ್ತಾ ಕೂತ. ಬೈಯುತ್ತಾನೆ ಎಂದುಕೊಂಡೆ.

"ಅದಕ್ಕೇನು ಮೂರೂ ಹಾಡಿನ್ಯಾಗ ಏನೂ ತಪ್ಪು ಕೇಳಸಲಿಲ್ಲ?"

"ಹೂಂ."

"ನನ್ನ ಜೀವಾನ ತಗದಿದ್ರಲ್ಲವ್ವಾ ಇಬ್ಬರೂ ಕೂಡಿ" ಎಂದ. ಸಿಟ್ಟಿನಿಂದಲ್ಲ. ಆಮೇಲೆ ಅವನು ಹೇಳಿದ್ದನ್ನು ನಾನು ಮರೆಯಲಾರೆ. ಎಂದೂ ಕೈಹಾಕದ ವಾದ್ಯ, ಇನ್ನೂರರ ಮೇಲೆ ತಂತಿ, ಅದರಲ್ಲಿ ಎಲ್ಲ ಸರಿಯಾಗುವುದು ಸಾಧ್ಯವೇ ಇಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತಂತೆ. ಎಲ್ಲೋ ಒಂದೆರಡು ಕಡೆ ತಪ್ಪಿರಲೇಬೇಕು. ದೂರ ಕೂತು ಕೇಳಿದಾಗ ಆ ತಪ್ಪು ತನಗೆ ಕೇಳಿಸಿದರೆ ಕಿವಿ ಇದೆ ಅಂತ ಅರ್ಥ. ಕೇಳಿಸದಿದ್ದರೆ ಅಂಗಡಿಯ ಬಾಗಿಲು ಹಾಕಿಬಿಡಬೇಕು, ಇನ್ನೊಬ್ಬರ ಪೆಟ್ಟಿಗೆ ಕೆಡಿಸಬಾರದು. ಹಾಗಂತ ಯಾರಿಗೂ ಹೇಳದೆ ನಿಶ್ಚಯ ಮಾಡಿಕೊಂಡು ನಮ್ಮ ಮಾಳಿಗೆ ಹತ್ತಿದ್ದ. ಕುರುಗೋಡಿನಲ್ಲಿ ಕೇಳಲಾರೆ ಎಂದದ್ದೂ ಅದಕ್ಕೇ. ಅಂಥ ಹೊತ್ತಿನಲ್ಲಿ ಅವನ ಮುಖ ನಮ್ಮವರ ಹೊರತು ಯಾರೂ ನೋಡಬಾರದಿತ್ತು.

"ಒಂದು ಹಾಡಾತು, ಎಲ್ಲಾ ಬೆಣ್ಣಿ. ಎರಡಾದ್ವು, ಎಲ್ಲಾ ಬೆಣ್ಣಿ. ಒಂದಾದ್ರೂ ತಪ್ಪು ಕೇಳಸಲಿ ಶಿವನ ಅಂತ ಕುಂತಿದ್ದೆ ನಾನು."

ಸಿಹಿ ಹಾಡುಗಳನ್ನೇ ಆರಿಸಿ ಆರಿಸಿ ನಾವಿಬ್ಬರೂ ಮುಕ್ಕಾಲು ಗಂಟೆ ಈ ಮುದುಕನನ್ನು ಕೊಲ್ಲುತ್ತಿದ್ದೆವು. ನನಗೆ ನಿಜಕ್ಕೂ ನಾಚಿಕೆಯಾಯಿತು. ಎರಡು ವರ್ಷದಿಂದ ಅವನಿಗೆ ಏನು ತಿಳಿಯಬೇಕು ಏನು ತಿಳಿಯಬಾರದು ಎಂದು ತಕ್ಕಡಿ ಹಿಡಿದುಕೊಂಡು ಕೂತವಳು ನಾನು. ಕಿವಿ ಹೋಗಿದೆ ಎಂದು ಡಾಕ್ಟರು ಹೇಳಿರಲಿಲ್ಲ, ಆ ಹುಡುಗಿ ಹೇಳಿರಲಿಲ್ಲ. ಹಾಗೆಂದು ತೀರ್ಪು ಕೊಟ್ಟವಳು ಸಾ ಯಾವುದು ಪಾ ಯಾವುದು ತಿಳಿಯದ ನಾನೊಬ್ಬಳೇ.

"ಮತ್ತ ಆ ಭಜನಿ ಮಂದಿ ಪೆಟ್ಟಿಗಿ?" ಎಂದು ಗಂಡ ಕೇಳಿದ.

ಅಪ್ಪ ಯೋಚಿಸಿದ. "ಆ ಕರೆಂಟಿನ ಪೆಟ್ಟಿಗೀನೂ ಹಿಂಗ ಹನ್ನೆರಡು ಮನಿ ತಿರಗೋದು ಇರಬೇಕು. ಎಲ್ಲಾ ಮನಿಗೂ ಒಪ್ಪಬೇಕಂದ್ರ ಎಲ್ಲಾದರಾಗೂ ಒಂದೀಟ ಒಂದೀಟ ಬಿಟ್ಟುಕೊಡಬೇಕು. ನಾ ಒಂದು ಮನಿಗೆ ಪೂರ್ತಿ ಕೊಟ್ಟೀನಿ. ಎರಡೂ ಹೆಂಗ ಕೂಡ್ತಾವು? ನನಗ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ಅದರ ಹಿಂದಿನ ಲೆಕ್ಕವನ್ನು ನಾನು ಆಮೇಲೆ ಶಾಲೆಯ ಬೋರ್ಡಿನ ಮೇಲೆ ಮಾಡಿ ನೋಡಿದ್ದೇನೆ. ಅಪ್ಪ ಹೇಳಿದ್ದು ಸರಿ, ಒಂದು ಮನೆಗೆ ಪೂರ್ತಿ ಕೂಡಿಸಿದರೆ ಉಳಿದವುಗಳಲ್ಲಿ, ಎಷ್ಟು ಗುಣಿಸಿದರೂ, ಒಂದು ಚೂರು ಉಳಿದೇ ಉಳಿಯುತ್ತದೆ. ಆದರೆ ಆ ಸಂಜೆ ಮಾಳಿಗೆಯ ಮೇಲೆ ನನಗೆ ಲೆಕ್ಕ ಬೇಕಾಗಿರಲಿಲ್ಲ.

ರೇಡಿಯೋದಲ್ಲಿ ಆ ಬಡಿತ ಮತ್ತೆ ಬಂದಿತ್ತು. ಅಪ್ಪ ನಮಗೆ ಸುಮ್ಮನಿರಲು ಕೈಮಾಡಿದ. ಈಗ ಅವನು ಕೂತ ಭಂಗಿಯೇ ಬೇರೆ. ಕಾಲು ಚಾಚಿಕೊಂಡು, ಗೋಡೆಗೆ ಒರಗಿ, ಪಕ್ಕಕ್ಕಿಟ್ಟ ಹೋಳಿಗೆಯನ್ನು ಮುರಿದು ಬಾಯಿಗಿಟ್ಟು ಕಾಯುತ್ತಿದ್ದ. ಪಾಪ, ಬಳ್ಳಾರಿಯಲ್ಲಿ ಆ ಹುಡುಗಿ ಮೆಲ್ಲಗೆ ದಾಟಿಬಿಡಲು ಹೆಣಗುತ್ತಿದ್ದರೆ ಇಲ್ಲಿ ಇವನು ಅವಳು ಎಡವುವುದನ್ನೇ ಎದುರುನೋಡುತ್ತಿದ್ದ. ಆ ಅಗಲವಾದ ಹಾಡು ಎರಡನೇ ಸಲ, ಬೇರೆ ಎತ್ತರದಲ್ಲಿ ಬಂತು. ನನಗೆ ಈ ಸಲವೂ ಚೆನ್ನಾಗಿಯೇ ಕೇಳಿತು.

ಅಪ್ಪ ಜೋರಾಗಿ ನಕ್ಕ.

"ಈಗ ಬಿಳಿ ಆರಕ್ಕ ಹೋದ್ಲು. ಕರಿ ಒಂದು ಏರೈತಿ. ಪೆನ್ನು ಐತೇನು? ಬರಕೋ."

ಪೆನ್ನು ಗಂಡನ ಜೇಬಿನಲ್ಲಿತ್ತು. ಕಾಗದವಿರಲಿಲ್ಲ, ನನ್ನ ಅಂಗೈ ಚಾಚಿದೆ. ಕರಿ ನಾಲ್ಕು ಎಂದು ಬರೆದೆ, ಕರಿ ಒಂದು ಎಂದು ಬರೆದೆ.

"ಬಿಳಿ ಎರಡಕ್ಕ ಬಿಳಿ ಆರು ಕೂಡಿಲ್ಲ, ಅದನ್ನೂ ಬರಿ. ಮೊದಲನೇ ಹಾಡಿನ್ಯಾಗ ಒಮ್ಮೆ ಅನಿಸಿತ್ತು ನನಗ. ರೇಡಿಯೋದ್ದ ಇರಬೇಕು, ನನಗೆಲ್ಲಿ ಕೇಳ್ತೈತಿ ಅಂತ ಸುಮ್ಕಾದೆ." ಅವನು ರೇಡಿಯೋವನ್ನು ಎದೆಗೊತ್ತಿಕೊಂಡಿದ್ದ. "ಇನ್ನೂ ಅದಾವು, ತಡಿ, ಒಂದೊಂದ ಹೇಳ್ತೀನಿ. ಬರದಿ ಏನು?"

ಬರೆದೆ ಎಂದೆ. ಕಣ್ಣು ತುಂಬಿ ಅಂಗೈ ಕಾಣದೆ, ಮೂರನೆಯದನ್ನು ನಾನು ಇನ್ನೂ ಬರೆದಿರಲಿಲ್ಲ.